ಓಡುತ್ತದೋ ಇಲ್ಲವೋ, ದುಡ್ಡು ಕಟ್ಟುವ ಮೊದಲೇ ತಿಳಿಯಲಿ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ನಾನೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಅಂಗಡಿಗೆ ಬರುವವರ ಮಾತೇ ಬದಲಾಗುತ್ತದೆ. ಬೇರೆ ದಿನಗಳಲ್ಲಿ ಪ್ರಿಂಟರ್ ಹಿಡೀತಿಲ್ಲ, ಸಿಸ್ಟಂ ಆನ್ ಆಗ್ತಿಲ್ಲ ಎಂದು ಬರುತ್ತಾರೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಂದು, 'ಈ ಗೇಮ್ ನಮ್ಮ ಸಿಸ್ಟಂನಲ್ಲಿ ಓಡೋ ಹಾಗೆ ಮಾಡ್ಕೊಡಿ ಸರ್' ಎನ್ನುತ್ತಾರೆ. ಮಕ್ಕಳು ಗೇಮ್ ಜಾಸ್ತಿ ಆಡುತ್ತಾರೆ ಎಂಬ ದೂರು ನಿಮ್ಮ ಈ ಅಂಕಣದಲ್ಲಿ ಆಗಾಗ ಓದುತ್ತೇನೆ. ಆದರೆ ಓಡದೇ ಇರುವ ಗೇಮ್‌ಗಳಿಗೆ ಮನೆಯವರು ಕಳೆದುಕೊಳ್ಳುವ ದುಡ್ಡಿನ ಬಗ್ಗೆ ಯಾರೂ ಬರೆದಿದ್ದು ನೋಡಿಲ್ಲ. ಅದಕ್ಕೇ ಈ ಪತ್ರ.

ಈಚೆಗೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು ಸ್ಕೂಟರಿನಲ್ಲಿ ಬಂದರು. ಹಿಂದೆ ಪಿಯುಸಿ ಓದುವ ಮಗ ಸಿಪಿಯು ತಬ್ಬಿ ಹಿಡಿದು ಕೂತಿದ್ದ. ಬಿಚ್ಚಿ ನೋಡಿದೆ. ಫೋರ್ತ್ ಜನರೇಷನ್ ಐ3 ಪ್ರೊಸೆಸರ್, ಒಂದೇ ಒಂದು 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಗೇಮ್‌ಗಳ ಭಾರದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಇಲ್ಲವೇ ಇಲ್ಲ. ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿತ್ತು, ಆದರೆ ದೊಡ್ಡ ಕಾರ್ಡಿಗೆ ಕರೆಂಟ್ ಕೊಡುವ ಎಂಟು ಪಿನ್ನಿನ ವೈರೇ ಅದರಲ್ಲಿರಲಿಲ್ಲ. ಫ್ಯಾನಿನ ರೆಕ್ಕೆಗಳಿಗೆ ಧೂಳು ಕಂಬಳಿ ಹೊದಿಸಿದ ಹಾಗೆ ಮೆತ್ತಿತ್ತು. ಬಿಸಿ ಹೊರಹೋಗಲೆಂದು ಪ್ರೊಸೆಸರ್ ಮೇಲೆ ಹಚ್ಚುವ ಪೇಸ್ಟ್ ಒಣಗಿ ಪುಡಿಯಾಗಿತ್ತು. ಹೀಗಿದ್ದರೂ ಅದೇ ಸಿಸ್ಟಂನಲ್ಲಿ ಅವರ ಲೆಕ್ಕ ಬರೆಯುವ ಟ್ಯಾಲಿ, ಮಗಳ ಕಾಲೇಜಿನ ಪ್ರಾಜೆಕ್ಟ್, ಪಹಣಿ ಪ್ರಿಂಟು ಎಲ್ಲ ನಡೆಯುತ್ತಿದೆ. ಅದು ಕೆಟ್ಟ ಕಂಪ್ಯೂಟರ್ ಅಲ್ಲ.

ಹುಡುಗ ಅಮ್ಮನ ಯುಪಿಐನಿಂದ ದುಡ್ಡು ಕಟ್ಟಿ ಒಂದು ಹೊಸ ಗೇಮ್ ಕೊಂಡಿದ್ದ. ಗೇಮ್ 100 ಜಿಬಿ ಮೇಲಿದೆ. ಮನೆ ಇರುವುದು ತೋಟದಲ್ಲಿ, ಇಂಟರ್‌ನೆಟ್ ಅಂದರೆ ದಿನಕ್ಕೆ 2 ಜಿಬಿ ಸಿಗುವ ಫೋನಿನ ಹಾಟ್‌ಸ್ಪಾಟ್. ನೀವೇ ಲೆಕ್ಕ ಹಾಕಿ, ಇಳಿಯುವುದಕ್ಕೇ ಒಂದೂವರೆ ತಿಂಗಳು ದಾಟುತ್ತದೆ. ಅವನು ಕೊಂಡ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ವಾಪಸ್ ಕೇಳಲು ಇರುವುದು 14 ದಿನ. ಗೇಮ್ ಪೂರ್ತಿ ಇಳಿದು, ಅದು ಓಡುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಆ ಗಡುವು ಎಂದೋ ಮುಗಿದಿತ್ತು. ಅಪ್ಪ ಮಗನನ್ನು ಬೈಯುತ್ತಿದ್ದರು. ಮಗ ತಲೆ ತಗ್ಗಿಸಿ ನಿಂತಿದ್ದ. ನನಗೆ ಸಿಟ್ಟು ಬಂದದ್ದು ಮಾತ್ರ ಆ ಹುಡುಗನ ಮೇಲೆ ಅಲ್ಲ.

ನಾನು ಗೇಮ್‌ಗಳ ವಿರೋಧಿ ಅಲ್ಲ. ವೈಸ್ ಸಿಟಿ ಎಂಬ ಗೇಮ್ ಆಡುವ ಆಸೆಗೇ ಸ್ಕ್ರೂಡ್ರೈವರ್ ಹಿಡಿದವನು ನಾನು. 2003ರಲ್ಲಿ ಅದು ಪಿಸಿಗೆ ಬಂದಾಗ 128 ಎಂಬಿ ರ‍್ಯಾಮ್, 32 ಎಂಬಿಯ ವಿಡಿಯೊ ಕಾರ್ಡ್ ಇದ್ದರೆ ಸಾಕಿತ್ತು. ಹೊಸ ಗೇಮ್‌ಗಳಿಗೆ ಹೆಚ್ಚು ಶಕ್ತಿ ಬೇಕಾಗುವುದು ಸಹಜ, ಅದಕ್ಕೆ ತಕರಾರಿಲ್ಲ. ಆದರೆ ಈ ನಾಲ್ಕೈದು ವರ್ಷಗಳಲ್ಲಿ ಆಗಿರುವುದು ಬೇರೆಯೇ.

ದೊಡ್ಡ ಗೇಮ್‌ಗಳನ್ನು ಮೊದಲು ಲೆಕ್ಕ ಹಾಕಿ ಮಾಡುವುದು ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ (ಪಿಎಸ್), ಎಕ್ಸ್‌ಬಾಕ್ಸ್‌ಗಳಿಗೆ. ಜಿಟಿಎ 5 ಮೊದಲು ಬಂದದ್ದು 2013ರಲ್ಲಿ, ಒಟ್ಟು 512 ಎಂಬಿ ಮೆಮೊರಿ ಇದ್ದ ಪಿಎಸ್3ಗೆ. ಹಾಗಾಗಿಯೇ 2015ರಲ್ಲಿ ಪಿಸಿಗೆ ಬಂದಾಗ 4 ಜಿಬಿ ರ‍್ಯಾಮ್ ಇರುವ ಮನೆ ಕಂಪ್ಯೂಟರಿನಲ್ಲೂ ಓಡಿತು. ಪಿಎಸ್3ರ ನಂತರ ಬಂದ ಪಿಎಸ್4ರ ಪ್ರೊಸೆಸರ್ ಕೂಡ ಅಂಥ ಬಲಶಾಲಿ ಏನಲ್ಲ. ಅದಕ್ಕೂ ಗೇಮ್ ತರಬೇಕಿದ್ದಷ್ಟು ಕಾಲ ನಮ್ಮ ಹಳೇ ಸಿಸ್ಟಂಗಳೂ ಬಚಾವಾದವು. 2020ರ ನವೆಂಬರಿನಲ್ಲಿ ಪಿಎಸ್5 ಬಂತು. 16 ಜಿಬಿ ಮೆಮೊರಿ, ಹಾರ್ಡ್ ಡಿಸ್ಕ್ ಬದಲಿಗೆ ವೇಗದ ಎಸ್‌ಎಸ್‌ಡಿ, ರೇ ಟ್ರೇಸಿಂಗ್. ಗೇಮ್ ಮಾಡುವ ಸ್ಟುಡಿಯೊಗಳು ಪಿಎಸ್4 ಕೈಬಿಡುತ್ತಾ ಬಂದ ಹಾಗೆ ಪಿಸಿಗೆ ಬೇಕಾದ ಕನಿಷ್ಠ ಮಟ್ಟ ಒಮ್ಮೆಲೇ ಮೇಲೆ ಹೋಯಿತು. ಮೆಟ್ಟಿಲು ಮೆಟ್ಟಿಲಾಗಿ ಏರಲಿಲ್ಲ.

ರೇ ಟ್ರೇಸಿಂಗ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲೆಲ್ಲ ಒಂದು ಕೋಣೆಯಲ್ಲಿ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಹೇಗಿರುತ್ತದೆ ಎಂಬುದನ್ನು ಬಹುಪಾಲು ಸ್ಟುಡಿಯೊದ ಕಂಪ್ಯೂಟರುಗಳಲ್ಲೇ ಲೆಕ್ಕ ಹಾಕಿ ಗೋಡೆ, ನೆಲದ ಚಿತ್ರದೊಳಗೇ ಸೇರಿಸಿ ಕೊಡುತ್ತಿದ್ದರು. ಈಗ ಆ ಲೆಕ್ಕವನ್ನು ಆಡುವವರ ಮನೆಯ ಕಾರ್ಡೇ ಕ್ಷಣಕ್ಷಣಕ್ಕೂ ಮಾಡಬೇಕು. ನೋಡಲು ಚೆನ್ನಾಗಿರುತ್ತದೆ, ನಿಜ. ಸ್ಟುಡಿಯೊದವರಿಗೆ ಕೆಲಸವೂ ಉಳಿಯುತ್ತದೆ. ಆದರೆ ಆ ಕೆಲಸದ ಖರ್ಚು ನಮ್ಮ ಮನೆಗೆ ಬಂತು ಅಲ್ವಾ? 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಗೇಮ್, 2025ರ ಮೇ ತಿಂಗಳ ಡೂಮ್: ದಿ ಡಾರ್ಕ್ ಏಜಸ್, ಎರಡಕ್ಕೂ ಕನಿಷ್ಠ ರೇ ಟ್ರೇಸಿಂಗ್ ಮಾಡಬಲ್ಲ ಆರ್‌ಟಿಎಕ್ಸ್ 2060 ಸೂಪರ್ ದರ್ಜೆಯ ಕಾರ್ಡ್ ಮತ್ತು 16 ಜಿಬಿ ರ‍್ಯಾಮ್ ಬೇಕು. ಗ್ರಾಫಿಕ್ಸ್ ಪೂರ್ತಿ ಕಡಿಮೆ ಇಟ್ಟು ಆಡುತ್ತೇನೆ ಅಂದರೂ ರೇ ಟ್ರೇಸಿಂಗ್ ಆಫ್ ಮಾಡಲು ಬರುವುದಿಲ್ಲ. ನಮ್ಮ ಕಡೆ ಹುಡುಗರು ಪಾರ್ಟ್‌ಟೈಮ್ ದುಡಿದು ತಗೊಂಡ ಜಿಟಿಎಕ್ಸ್ 1650 ಕಾರ್ಡಿಗೆ ಆ ಶಕ್ತಿಯೇ ಇಲ್ಲ. ಹೊಸ ಕಾರ್ಡ್ ಹಾಕಿಕೊಂಡರೆ ಅಲ್ಲಿಗೆ ಮುಗಿಯುವುದೂ ಇಲ್ಲ. ಎಸ್‌ಎಂಪಿಎಸ್ ಬದಲಿಸಬೇಕು. ಮನೆಯಲ್ಲಿರುವ 600 ವಿಎ ಯುಪಿಎಸ್ ಅಷ್ಟು ಭಾರ ತಡೆಯುವುದಿಲ್ಲ, ಕರೆಂಟ್ ಹೋದ ಕೂಡಲೇ ಕೈಕೊಡುತ್ತದೆ. ನಮ್ಮೂರಿನ ಕರೆಂಟ್ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಸ ಗೇಮ್ ಬೇಡ, ಹಳೆಯದನ್ನೇ ಆಡಿಕೊಂಡಿರುತ್ತೇವೆ ಅನ್ನುವವರಿಗೂ ನೆಮ್ಮದಿ ಇಲ್ಲ. ಕೌಂಟರ್-ಸ್ಟ್ರೈಕ್: ಜಿಒ 2012ರ ಗೇಮ್. ಹಾಸ್ಟೆಲ್‌ಗಳಲ್ಲಿ, ಸೈಬರ್ ಸೆಂಟರ್‌ಗಳಲ್ಲಿ 2 ಜಿಬಿ ರ‍್ಯಾಮಿನ ಸಿಸ್ಟಂಗಳಲ್ಲೂ ನಡೆಯುತ್ತಿತ್ತು. 2023ರ ಸೆಪ್ಟೆಂಬರ್ 27ರಂದು ಅದರ ಜಾಗಕ್ಕೆ ಕೌಂಟರ್-ಸ್ಟ್ರೈಕ್ 2 ಬಂತು. ಅದಕ್ಕೆ 8 ಜಿಬಿ ರ‍್ಯಾಮ್, 85 ಜಿಬಿ ಜಾಗ ಬೇಕು. ಹಿಂದಿನ ರಾತ್ರಿವರೆಗೂ ಆಡುತ್ತಿದ್ದವರಿಗೆ ಮರುದಿನ ಅದೇ ಸಿಸ್ಟಂ ಸಾಲದಾಯಿತು. ದುಡ್ಡು ಕೊಟ್ಟು ಆ ಗೇಮಿನ ಪ್ರೈಮ್ ಸದಸ್ಯತ್ವ ಮಾಡಿಸಿಕೊಂಡಿದ್ದವರನ್ನೂ ಯಾರೂ ಕೇಳಲಿಲ್ಲ.

ಇದರ ಮೇಲೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಂಟೆಲ್‌ನ ಎಂಟನೇ ಜನರೇಷನ್‌ಗಿಂತ ಹಿಂದಿನವು ಹೆಚ್ಚುಕಮ್ಮಿ ಇಲ್ಲ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇರೆ ಬೇಕು. ರ‍್ಯಾಮ್ ಆದರೂ ಹಾಕಿಸೋಣ ಅಂದರೆ ಅದರ ಬೆಲೆ 2025ರ ಕೊನೆಯಿಂದ ಏರಿ ಕೂತಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಅಷ್ಟು ಬೇಕಾಗಿದೆ. ನಮ್ಮಂಥ ಅಂಗಡಿಗಳಲ್ಲಿ ಎಲ್ಲರೂ ಕೇಳಿ ಪಡೆಯುತ್ತಿದ್ದ ಕ್ರೂಷಿಯಲ್ ರ‍್ಯಾಮ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ ಹೇಳಿತು. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿಗೆ ಫೋನ್ ಮಾಡಿ ಬೆಳಿಗ್ಗೆ ಕೇಳಿದ ರೇಟು ಸಂಜೆಗೆ ಇರುತ್ತದೆ ಎಂಬ ಭರವಸೆ ಹೊರಟುಹೋಗಿದೆ. ಗಿರಾಕಿಗೆ ನಾನು ಯಾವ ಬೆಲೆ ಹೇಳಲಿ?

ಮನಸ್ಸು ಮಾಡಿದರೆ ಬೇರೆ ಥರವೂ ಮಾಡಬಹುದು. ವ್ಯಾಲೊರಂಟ್ 2020ರಲ್ಲಿ ಬಂದಾಗ 4 ಜಿಬಿ ರ‍್ಯಾಮ್, ಪ್ರೊಸೆಸರ್ ಒಳಗೇ ಇರುವ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್ ಸಾಕೆಂದು ಹೇಳಿತು, ಹಾಗೆಯೇ ಓಡಿತು. 2025ರಲ್ಲಿ ಜನ ಕಾದು ಕೊಂಡ ಹಾಲೊ ನೈಟ್: ಸಿಲ್ಕ್‌ಸಾಂಗ್ ಕೇಳುವುದೂ 4 ಜಿಬಿ ರ‍್ಯಾಮ್, 8 ಜಿಬಿ ಜಾಗ ಅಷ್ಟೆ. ಎಲ್ಲರೂ ಅಂಥದ್ದನ್ನೇ ಮಾಡಬೇಕು ಎನ್ನಲಾರೆ. ನಾನು ಕೇಳುವುದು ಇನ್ನೂ ಸಣ್ಣದು. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ 2025ರ ಫೆಬ್ರುವರಿಯಲ್ಲಿ ಬಂತು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬರಬೇಕಾದರೆ ನಡುವಿನ ಚಿತ್ರಗಳನ್ನು ಕಾರ್ಡ್ ತಾನೇ ಊಹಿಸಿ ತುಂಬಬೇಕು ಎಂದು ಎಂಥ ಸಿಸ್ಟಂ ಬೇಕೆಂಬ ಅದರ ಪಟ್ಟಿಯೇ ಹೇಳಿತು, ಅಷ್ಟು ಭಾರದ ಗೇಮ್. ಆದರೆ ಮಾರಾಟಕ್ಕೆ ಮೊದಲೇ ಅದರ ಕಂಪನಿ ಒಂದು ಪುಕ್ಕಟೆ ಬೆಂಚ್‌ಮಾರ್ಕ್ ಬಿಟ್ಟಿತ್ತು. ಇಳಿಸಿಕೊಂಡು ಓಡಿಸಿದರೆ ನಿಮ್ಮ ಸಿಸ್ಟಂನಲ್ಲಿ ಗೇಮ್ ಹೇಗೆ ನಡೆಯುತ್ತದೆ ಎಂದು ತೋರಿಸುತ್ತಿತ್ತು. 2024ರಲ್ಲಿ ಬ್ಲ್ಯಾಕ್ ಮಿತ್: ವುಕಾಂಗ್‌ನವರೂ ಹೀಗೇ ಮಾಡಿದ್ದರು. ಇದನ್ನೇ ಎಲ್ಲ ದೊಡ್ಡ ಗೇಮ್‌ಗಳಿಗೂ ಕಡ್ಡಾಯ ಮಾಡಲಿ. ಇಳಿಸುವಾಗಲೇ ದಿನಗಟ್ಟಲೆ ಕಾಯಬೇಕಾಗದ ಹಾಗೆ ಆ ಬೆಂಚ್‌ಮಾರ್ಕ್ ಚಿಕ್ಕದಾಗಿಯೂ ಇರಲಿ. ವಾಪಸಾತಿಯ 14 ದಿನವನ್ನು ದುಡ್ಡು ಕಟ್ಟಿದ ದಿನದಿಂದ ಎಣಿಸುವುದು ಬಿಟ್ಟು, ಗೇಮ್ ಮೊದಲ ಸಲ ತೆರೆದ ದಿನದಿಂದ ಎಣಿಸಲಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ಕೈಗೆತ್ತಿಕೊಳ್ಳಬೇಕು.

ಬೆಂಗಳೂರಿನ ಗೇಮ್ ಸ್ಟುಡಿಯೊಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್‌ನ ಕಾಲದಿಂದಲೂ ದೊಡ್ಡ ಗೇಮ್‌ಗಳ ಕಾರು, ಕಟ್ಟಡಗಳು ನಿಮ್ಮ ಊರಿನಲ್ಲೇ ರೂಪ ಪಡೆಯುತ್ತಿವೆ. ನಿಮ್ಮ ಆಫೀಸಿನ ಒಂದು ಮೂಲೆಯಲ್ಲಿ 8 ಜಿಬಿ ರ‍್ಯಾಮಿನ ಹಳೇ ಸಿಸ್ಟಂ ಒಂದನ್ನು ಇಟ್ಟು, ಮಾಡಿದ್ದನ್ನು ಅದರ ಮೇಲೂ ಓಡಿಸಿ ನೋಡಿ. ಮೇಲಿನವರಿಗೆ ಹೇಳುವ ಅವಕಾಶ ಸಿಕ್ಕಾಗ ಹೇಳಿ.

ತಂದೆತಾಯಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಒಂದು ಗೇಮ್ ಓಡಲಿಲ್ಲ ಎಂದು ಸಿಸ್ಟಂ ಗುಜರಿಗೆ ಹಾಕಬೇಡಿ. ಆ ಮಂಡಿಯವರ ಸಿಪಿಯುಗೆ ಧೂಳು ತೆಗೆದು, ಪೇಸ್ಟ್ ಬದಲಿಸಿ, ಒಂದು 256 ಜಿಬಿ ಎಸ್‌ಎಸ್‌ಡಿ ಹಾಕಿಕೊಟ್ಟೆ. ಟ್ಯಾಲಿ ಈಗ ಕ್ಲಿಕ್ ಮಾಡಿದ ಕೂಡಲೇ ತೆರೆದುಕೊಳ್ಳುತ್ತದೆ. ಕೊಂಡ ಗೇಮ್ ಮಾತ್ರ ಆ ಹುಡುಗನ ಅಕೌಂಟಿನಲ್ಲಿ ಹಾಗೇ ಇದೆ, ದುಡ್ಡು ವಾಪಸ್ ಬಂದಿಲ್ಲ.

ಇಂತಿ,
ಕಂಪ್ಯೂಟರ್ ರಿಪೇರಿ ಅಂಗಡಿಯವರು, ತಿಪಟೂರು