ಮಂಗಳವಾರ ಬೆಂಕಿ ಉಗುಳದ ಡ್ರ್ಯಾಗನ್ ಮತ್ತು ನಮ್ಮ 14,000 ರೂಪಾಯಿ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ (ಅಂತ ಒಂದು ಇದ್ದರೆ)

ವಿಷಯ: 8-4-2025ರ ಮಂಗಳವಾರ ರಾತ್ರಿ, ವಿಯೆಟ್ನಾಂನ ದಾ ನಾಂಗ್ ಊರಿನಲ್ಲಿ ನೀವು ಮಾಡಿಸಿದ ‘ನೈಟ್ ಸಿಟಿ ಟೂರ್’

ನಮಸ್ಕಾರ.

ಈ ಪತ್ರ ಬರೆಯಬಾರದು ಅಂತಲೇ ಇದ್ದೆ. ಊರಿಗೆ ಬಂದ ಮೇಲೆ ನಾಲ್ಕು ಸಲ ಫೋನ್ ಮಾಡಿದೆ, ಎರಡು ಮೇಲ್ ಹಾಕಿದೆ, ಎಲ್ಲದರಲ್ಲೂ ‘ದಯವಿಟ್ಟು’ ಸೇರಿಸಿದ್ದೆ. ‘ಸಂಬಂಧಪಟ್ಟ ಟೀಮ್‌ಗೆ ಕಳಿಸಿದ್ದೀವಿ ಮೇಡಂ’ ಅಂದಿರಿ. ಮೂರು ತಿಂಗಳಾಯಿತು. ಹೋಗಲಿ ಬಿಡು, ಹಣ ಹೋಯಿತು ಅಂದುಕೊಳ್ಳೋಣ ಅಂತ ನಮ್ಮ ಯಜಮಾನರೂ ಹೇಳಿದ್ದರು, ನಾನೂ ಹೆಚ್ಚುಕಡಿಮೆ ಬಿಟ್ಟೇ ಬಿಟ್ಟಿದ್ದೆ.

ನಿನ್ನೆ ಬೆಳಗ್ಗೆ ಸಾಗರದಿಂದ ನನ್ನ ದೊಡ್ಡಮ್ಮನ ಮಗಳು ವಾಟ್ಸಾಪ್‌ನಲ್ಲಿ ನಿಮ್ಮ ದಸರಾ ಪ್ಯಾಕೇಜಿನ ಜಾಹೀರಾತು ಕಳಿಸಿದಳು. ಬಲಗಡೆ ದಾ ನಾಂಗ್‌ನ ಡ್ರ್ಯಾಗನ್ ಆಕಾರದ ಸೇತುವೆ, ಬಾಯಿಂದ ಭರ್ತಿ ಬೆಂಕಿ. ಎಡಗಡೆ ನಮ್ಮ ಅಮ್ಮ! ಕೈಯಲ್ಲಿ ಫೋನ್ ಎತ್ತಿ ಹಿಡಿದು, ಬಾಯಿ ತೆರೆದುಕೊಂಡು ನಿಂತಿದ್ದಾರೆ. ಕೆಳಗೆ, ‘ಬೆಂಕಿ ಉಗುಳುವ ಡ್ರ್ಯಾಗನ್ ನೋಡಿ ಬೆರಗಾದ ನಮ್ಮ ಅತಿಥಿ’.

ಸ್ವಾಮಿ, ಅದು ಬೆರಗಲ್ಲ. ಆಕಳಿಕೆ. ಮಂಡಿನೋವಿರುವ 68 ವರ್ಷದ ಹೆಂಗಸು ದೋಣಿಯ ಮೇಲಿನ ಡೆಕ್‌ನಲ್ಲಿ ಇಪ್ಪತ್ತು ನಿಮಿಷ ಕೈಯೆತ್ತಿ ನಿಂತು, ಬಾರದ ಬೆಂಕಿಗೆ ಕಾದು ಆಕಳಿಸಿದ ಗಳಿಗೆ ಅದು. ಆ ಫೋಟೋ ತೆಗೆದವರು ನಿಮ್ಮ ಟೂರ್ ಮ್ಯಾನೇಜರ್. ಬೆಂಕಿ ಬರಲಿಲ್ಲ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನ್ಯಾಯವಾಗಿ ಹೇಳಬೇಕು, ಟೂರ್ ಪೂರ್ತಿ ಕೆಟ್ಟದಾಗಿತ್ತು ಅಂತ ನನ್ನ ದೂರಲ್ಲ. ಬಾನಾ ಹಿಲ್ಸ್ ಚೆನ್ನಾಗಿತ್ತು, ಹೋಟೆಲ್ ಚೊಕ್ಕವಾಗಿತ್ತು. ಊಟದ ಕಥೆಯನ್ನೂ ಬಿಟ್ಟಿದ್ದೇನೆ. ವಿಯೆಟ್ನಾಂ ಭಾಷೆಯಲ್ಲಿ ಸಸ್ಯಾಹಾರಕ್ಕೆ ‘ಚಾಯ್’ ಅನ್ನುತ್ತಾರೆ ಅಂತ ಒಂದು ಮಾತು ನೀವು ಮೊದಲೇ ಹೇಳಿದ್ದರೆ ಸಾಕಿತ್ತು, ನಮ್ಮಪ್ಪ ಎರಡು ದಿನ ಪ್ರತಿ ಹೋಟೆಲಿನಲ್ಲೂ ಬೋರ್ಡ್ ನೋಡಿ ‘ಇಲ್ಲಿ ಟೀ ಸಿಗುತ್ತೆ ಕಣೇ’ ಅಂತ ಖುಷಿಪಡುವುದು ತಪ್ಪುತ್ತಿತ್ತು. ಇರಲಿ. ನನ್ನ ದೂರು ಆ ಒಂದು ರಾತ್ರಿಯದು. ತಲೆಗೆ 2,800ರಂತೆ ಐದು ಜನಕ್ಕೆ 14,000 ರೂಪಾಯಿ ಬೇರೆಯಾಗಿ ಕಟ್ಟಿಸಿಕೊಂಡಿರಲ್ಲ, ಆ ರಾತ್ರಿಯದು.

ಯಾಕೆ ಕಟ್ಟಿದೆವು ಅಂದರೆ ನಿಮ್ಮ ಪಿಡಿಎಫ್‌ನಲ್ಲಿ ದಪ್ಪ ಅಕ್ಷರದಲ್ಲಿ ‘ಹಾನ್ ನದಿಯಲ್ಲಿ ದೋಣಿ ವಿಹಾರ, ಬೆಂಕಿ ಮತ್ತು ನೀರು ಉಗುಳುವ ಡ್ರ್ಯಾಗನ್ ಸೇತುವೆ, ಚಾಮ್ ಮ್ಯೂಸಿಯಂ’ ಅಂತ ಇತ್ತು. ನನ್ನ ಮಗನಿಗೆ ಒಂಬತ್ತು ವರ್ಷ. ಎರಡು ತಿಂಗಳು ಅವನ ಬಾಯಲ್ಲಿ ಬೇರೆ ಮಾತಿಲ್ಲ. ಸೇತುವೆ 666 ಮೀಟರ್ ಉದ್ದ, ಆರು ಲೇನ್, 2013ರ ಮಾರ್ಚ್ 29ಕ್ಕೆ ತೆರೆದಿದ್ದು, ರಾತ್ರಿ 9ಕ್ಕೆ ಮೊದಲು ಬೆಂಕಿ ಆಮೇಲೆ ನೀರು, ತಲೆಯ ಹತ್ತಿರ ನಿಂತರೆ ಒದ್ದೆಯಾಗುತ್ತೇವೆ ಅಂತೆಲ್ಲ ಬಾಯಿಪಾಠ. ರೇನ್‌ಕೋಟ್ ಪ್ಯಾಕ್ ಮಾಡಿಸಿದ್ದ. ಯಾವ ಯಾವ ದಿನ ಅನ್ನುವುದನ್ನು ಮಾತ್ರ ಅವನು ಓದಿರಲಿಲ್ಲ. ಮೂರನೇ ಕ್ಲಾಸ್ ಹುಡುಗ, ಕ್ಷಮಿಸೋಣ. ನೀವು ಯಾವ ಕ್ಲಾಸು?

ನಮ್ಮ ಮೊದಲ ಪಟ್ಟಿಯಲ್ಲಿ ದಾ ನಾಂಗ್ ರಾತ್ರಿ ಇದ್ದದ್ದು ಶನಿವಾರ, 5ನೇ ತಾರೀಖು. ಹೊರಡಲು ಎರಡು ದಿನ ಇರುವಾಗ ನಿಮ್ಮಿಂದ ಮೆಸೇಜ್ ಬಂತು. ‘ಆಪರೇಷನಲ್ ಕಾರಣದಿಂದ ಹನೋಯ್ ಮೊದಲು, ದಾ ನಾಂಗ್ ಆಮೇಲೆ. ಸ್ಥಳಗಳು ಎಲ್ಲಾ ಅವೇ, ಕ್ರಮ ಮಾತ್ರ ಬದಲು.’ ನಾನು ಆಫೀಸಿನಲ್ಲಿದ್ದೆ, ಹೆಬ್ಬೆರಳು ಒತ್ತಿ ಸುಮ್ಮನಾದೆ. ಆ ಹೆಬ್ಬೆರಳು ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಡ್ರ್ಯಾಗನ್ ಬೆಂಕಿ ಉಗುಳುವುದು ಶನಿವಾರ, ಭಾನುವಾರ. ಈಗ ಶುಕ್ರವಾರವೂ ಸೇರಿದೆ, ದೊಡ್ಡ ಹಬ್ಬಗಳಿದ್ದರೆ ಆಗಲೂ ಉಂಟು. ಇದು ಗುಟ್ಟಲ್ಲ. ದಾ ನಾಂಗ್‌ನಲ್ಲಿ ಎಳನೀರು ಮಾರುವವರಿಗೂ ಗೊತ್ತು. ವರ್ಷಗಟ್ಟಲೆ ಅಲ್ಲಿಗೆ ಜನ ಕರೆದುಕೊಂಡು ಹೋಗುವ ನಿಮಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಕ್ರಮ ಬದಲಿಸಿದ ದಿನವೇ ಗೊತ್ತಿತ್ತು.

ಇನ್ನು ಚಾಮ್ ಮ್ಯೂಸಿಯಂ. ವಿಯೆಟ್ನಾಂನಲ್ಲಿ ಹಿಂದೆ ಇದ್ದ ಚಂಪಾ ರಾಜ್ಯದ ಶಿಲ್ಪಗಳು ಇರುವ ಜಾಗ. ಸೇತುವೆಯ ಬಾಲದ ಕಡೆ ಅದು ಇರುವುದು. ನಮ್ಮಪ್ಪ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಹೇಳಿದವರು. ಚಂಪಾ ರಾಜ್ಯದ ಶಿವ, ಗಣೇಶ, ನಾಲ್ಕನೇ ಶತಮಾನದಲ್ಲಿ ಅಲ್ಲಿನ ರಾಜ ಭದ್ರವರ್ಮ ಮಿ ಸನ್ ಅನ್ನುವಲ್ಲಿ ಭದ್ರೇಶ್ವರನನ್ನು ಸ್ಥಾಪಿಸಿದ್ದು, ಇದನ್ನೆಲ್ಲ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಪಾಠ ಮಾಡಿಕೊಂಡು ಬಂದಿದ್ದರು. ಅವರಿಗೆ ಡ್ರ್ಯಾಗನ್ ಬೇಡ, ಆ ಮ್ಯೂಸಿಯಂ ಬೇಕಿತ್ತು. ಮ್ಯೂಸಿಯಂ ಸಂಜೆ ಐದಕ್ಕೆ ಬಾಗಿಲು ಹಾಕುತ್ತೆ. ನಿಮ್ಮ ಟೂರ್ ಶುರುವಾದದ್ದು ಏಳಕ್ಕೆ. ಬಸ್ ಗೇಟಿನ ಮುಂದೆ ಒಂದು ನಿಮಿಷ ನಿಂತಿತು. ‘ಎಲ್ಲರೂ ಲೆಫ್ಟ್ ಸೈಡ್ ನೋಡಿ’ ಅಂದರು. ಅಪ್ಪ ಎದ್ದು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಬಸ್ ಹೊರಟಿತು. ಆಮೇಲೆ ಕೇಳಿದರೆ ‘ವಿಸಿಟ್ ಅಂದ್ರೆ ಔಟ್‌ಸೈಡ್ ವ್ಯೂ ಸರ್’. ಹಾಗಾದರೆ ನಾನು ದಿನಾ ಬಸ್ಸಿನಲ್ಲಿ ವಿಧಾನಸೌಧಕ್ಕೂ ವಿಸಿಟ್ ಕೊಡುತ್ತಿದ್ದೇನೆ ಅಂತಾಯಿತು.

ಈಗ ದೋಣಿಗೆ ಬರುತ್ತೇನೆ.

ಮಂಗಳವಾರ ಅಲ್ವಾ, ದೋಣಿ ಅರ್ಧ ಖಾಲಿ. ನಮ್ಮ ಗುಂಪು 22 ಜನ, ಇನ್ನೊಂದಿಷ್ಟು ಕೊರಿಯಾದವರು. ಅರ್ಧ ಖಾಲಿ ಇದ್ದದ್ದು ನೋಡಿಯೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಎಂಟೂ ಮುಕ್ಕಾಲಿಗೆ ನಿಮ್ಮ ಟೂರ್ ಮ್ಯಾನೇಜರ್ ‘ಮೇಲಿನ ಡೆಕ್‌ಗೆ ಹೋಗಿ, ಅಲ್ಲಿಂದ ಸೂಪರ್ ಆಗಿ ಕಾಣುತ್ತೆ’ ಅಂದರು. ಕಬ್ಬಿಣದ ಮೆಟ್ಟಿಲು, ಕಡಿದು. ಅಮ್ಮನನ್ನು ಹಿಂದಿನಿಂದ ನಾನು, ಮುಂದಿನಿಂದ ನಮ್ಮ ಯಜಮಾನರು ಹಿಡಿದು ಹತ್ತಿಸಿದೆವು. ಅಮ್ಮ ದೊಡ್ಡಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ಅಲ್ಲಿ 9 ಗಂಟೆ ಅಂದರೆ ಸಾಗರದಲ್ಲಿ ಏಳೂವರೆ. ದೊಡ್ಡಮ್ಮನ ಮನೆಯಲ್ಲಿ ಏಳೂವರೆಗೆ ಸೀರಿಯಲ್ ಬಿಟ್ಟು ಬೇರೆ ಏನಾದರೂ ನೋಡಿದ್ದಾರೆ ಅಂದರೆ ಅದು ಆವತ್ತು ಒಂದೇ ದಿನ. ಟಿವಿ ಆರಿಸಿ, ಪಕ್ಕದ ಮನೆಯವರನ್ನೂ ಕರೆದು ಕೂತಿದ್ದರು.

9 ಗಂಟೆ ಆಯಿತು. ಡ್ರ್ಯಾಗನ್ ಹಸಿರಾಯಿತು, ನೀಲಿಯಾಯಿತು. ಕೆಂಪಾದಾಗ ಫೋನಿನಿಂದ ದೊಡ್ಡಮ್ಮ ‘ಓ ಬಂತು ಬಂತು’ ಅಂತ ಕೂಗಿದರು. ‘ಇಲ್ಲ ಕಣೇ, ಅದು ಲೈಟು’ ಅಂದರು ಅಮ್ಮ. ಮತ್ತೆ ಹಳದಿ. ಮತ್ತೆ ಹಸಿರು. 9 ಗಂಟೆ 10 ನಿಮಿಷ. ಮಗ ರೇನ್‌ಕೋಟಿನ ಬಟನ್ ಹಾಕಿಕೊಂಡು ನಿಂತೇ ಇದ್ದ. ನಾನು ಕೆಳಗೆ ಹೋಗಿ ನಿಮ್ಮವರನ್ನು ಕರೆದುಕೊಂಡು ಬಂದೆ. ಮುಂದಿನದನ್ನು ಒಂದೊಂದು ಮಾತೂ ಬಿಡದೆ ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮ ‘ಟೀಮ್’ ನಂಗೆ ಕೊಟ್ಟ ಒಂದೇ ಉತ್ತರದಲ್ಲಿ ‘ನಮ್ಮ ಸಿಬ್ಬಂದಿ ಸೌಜನ್ಯದಿಂದ ವಿವರಿಸಿದ್ದಾರೆ’ ಅಂತ ಇದೆ.

‘ಬೆಂಕಿ ಯಾವಾಗ?’ ಅಂದೆ.

‘ಮೇಡಂ, ಇವತ್ತು ಟ್ಯೂಸ್‌ಡೇ ಅಲ್ವಾ’ ಅಂದರು.

ಮಂಗಳವಾರ ಕ್ಷೌರದಂಗಡಿಗೆ ರಜೆ ಅಂತ ನನಗೆ ಗೊತ್ತು. ಡ್ರ್ಯಾಗನ್‌ಗೂ ರಜೆ ಅಂತ ಗೊತ್ತಿರಲಿಲ್ಲ. ಪಿಡಿಎಫ್ ತೆಗೆದು ತೋರಿಸಿದೆ. ಅವರು ನಿಮ್ಮ ಬೆಂಗಳೂರು ಆಫೀಸಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನನ್ನ ಮುಖದ ಮುಂದೆ ಹಿಡಿದರು. ಕೈಗೆ ಕೊಡಲಿಲ್ಲ. ಹಿಡಿದರು, ಮೈಕ್ ಹಿಡಿದ ಹಾಗೆ. ಆ ಕಡೆಯಿಂದ ಒಬ್ಬರು, ಏನೋ ತಿನ್ನುತ್ತಿದ್ದರು ಅಂತ ಕಾಣುತ್ತೆ, ಹೇಳಿದ್ದು ಹೀಗೆ.

‘ಮೇಡಂ, ಬೆಂಕಿ ಉಗುಳುವ ಡ್ರ್ಯಾಗನ್ ಸೇತುವೆ ಅನ್ನೋದು ಆ ಸೇತುವೆಯ ಪರಿಚಯ. ಇವತ್ತೇ ಉಗುಳುತ್ತೆ ಅಂತ ಎಲ್ಲಿ ಬರೆದಿದೀವಿ?’

ನಾನು ಶನಿವಾರ ಇದ್ದದ್ದನ್ನು ನೀವೇ ಬದಲಿಸಿದಿರಿ ಅಂದೆ.

‘ನೀವು ಥಂಬ್ಸ್ ಅಪ್ ಹಾಕಿದೀರಲ್ಲ ಮೇಡಂ. ಅಂದ್ರೆ ಒಪ್ಪಿದ ಹಾಗೆ.’

ಒಪ್ಪಿದ್ದು ಸ್ಥಳಗಳು ಎಲ್ಲಾ ಅವೇ ಅಂತ ನೀವು ಬರೆದಿದ್ದಕ್ಕೆ ಅಂದೆ.

‘ಸ್ಥಳ ಅದೇ ಇದೆಯಲ್ಲ ಮೇಡಂ. ಸೇತುವೆ ಕಾಣ್ತಿಲ್ವಾ?’

ಇಲ್ಲಿ ನನ್ನ ದನಿ ಸ್ವಲ್ಪ ಏರಿತು, ಒಪ್ಪಿಕೊಳ್ಳುತ್ತೇನೆ. ತಕ್ಷಣ ನಿಮ್ಮ ಮ್ಯಾನೇಜರ್ ಗುಂಪಿನ ಕಡೆ ತಿರುಗಿ, ಕ್ಲಾಸ್ ಮಾನಿಟರ್ ಥರ, ‘ಬೇರೆ ಯಾರಿಗಾದ್ರೂ ಪ್ರಾಬ್ಲಂ ಇದೆಯಾ?’ ಅಂದರು. ಮುಂದಿನ ಐದು ದಿನ ಅವರ ಜೊತೆಯಲ್ಲೇ ಓಡಾಡಬೇಕಾದ ಜನ, ಯಾರು ಹೂಂ ಅಂತಾರೆ? ಎಲ್ಲರೂ ನೀರು ನೋಡಿದರು. ‘ನೋಡಿ ಮೇಡಂ, ನಿಮಗೊಬ್ಬರಿಗೇ. ಯೂಟ್ಯೂಬ್‌ನಲ್ಲಿ ಇದೆ, ಲಿಂಕ್ ಕಳಿಸ್ತೀನಿ, ಹೋಟೆಲ್ ವೈಫೈನಲ್ಲಿ ನೋಡಿ’ ಅಂದರು. ಕೊರಿಯಾದವರು ಕೂಡ ಪಾಪ ಬೇರೆ ಕಡೆ ತಿರುಗಿಕೊಂಡರು. ಭಾಷೆ ಬೇಕಾಗಲಿಲ್ಲ.

ಅಮ್ಮನ ವಿಡಿಯೋ ಕಾಲ್ ಇನ್ನೂ ನಡೆಯುತ್ತಲೇ ಇತ್ತು. ಸಾಗರದಲ್ಲಿ ಅಷ್ಟೂ ಜನ ಇದನ್ನೆಲ್ಲ ಕೇಳಿದ್ದಾರೆ. ಅಮ್ಮ ಮೆಲ್ಲಗೆ ಫೋನ್ ಕೆಳಗಿಳಿಸಿ, ‘ಸಾಕು ಬಿಡೇ, ನಮಗೆ ಬೆಂಕಿ ಯಾಕೆ’ ಅಂದರು. ಮಗ ರೇನ್‌ಕೋಟ್ ಬಿಚ್ಚಿ ಮಡಚಿದ. ತಾನಾಗಿ ಬಟ್ಟೆ ಮಡಚಿದ್ದು ಅವನ ಜೀವನದಲ್ಲಿ ಅದೇ ಮೊದಲು.

ಲಿಂಕ್ ಬಂತು, 9 ಗಂಟೆ 31 ನಿಮಿಷಕ್ಕೆ. ಅಷ್ಟರಮಟ್ಟಿಗೆ ಮಾತು ಉಳಿಸಿಕೊಂಡರು.

ದೋಣಿ ಇಳಿದ ಮೇಲೆ ಆಚೆ ದಡದಲ್ಲಿ ಮೀನಿನ ಮೈ, ಡ್ರ್ಯಾಗನ್ ತಲೆ ಇರುವ ಒಂದು ಅಮೃತಶಿಲೆಯ ಪ್ರತಿಮೆ ತೋರಿಸಿದರು. ಅದರ ಬಾಯಿಂದ ನೀರು ಬೀಳುತ್ತೆ. ‘ನೋಡಿ ಮೇಡಂ, ಉಗುಳ್ತಿದೆ’ ಅಂತ ನಿಮ್ಮ ಮ್ಯಾನೇಜರ್ ನಗುತ್ತಾ ಅಂದದ್ದನ್ನೂ ಇಲ್ಲಿ ದಾಖಲಿಸುತ್ತೇನೆ. ಅಲ್ಲಿನ ಗೈಡ್ ಹುಡುಗಿಯ ಮೇಲೆ ನನ್ನದೇನೂ ದೂರಿಲ್ಲ. ಅವಳು ಆಮೇಲೆ ನನ್ನ ಪಕ್ಕ ಬಂದು, ಇಂಗ್ಲಿಷ್‌ನಲ್ಲಿ, ಮಂಗಳವಾರ ಬೆಂಕಿ ಇಲ್ಲ ಅಂತ ನಿಮ್ಮ ಆಫೀಸಿಗೆ ಮೊದಲೇ ತಿಳಿಸಿದ್ದೆ ಅಂದಳು. ಅವಳ ಮೇಲೆ ಏನಾದರೂ ಕ್ರಮ ಗಿಮ ಅಂತ ಹೊರಟರೆ ನಾನೇ ಸಾಕ್ಷಿ ಹೇಳುತ್ತೇನೆ.

ನಿಮ್ಮ ಷರತ್ತುಗಳ 14ನೇ ಅಂಶ ಏನು ಹೇಳುತ್ತೆ ಅಂತ ಇಲ್ಲಿ ಬಿಡಿಸಿ ಬರೆಯುವುದಿಲ್ಲ. ನೀವೇ ಬರೆದದ್ದು, ನಿಮಗೆ ಗೊತ್ತಿರುತ್ತೆ. ದಿನ ಬದಲಿಸಿದ್ದರಿಂದ ತಪ್ಪಿಹೋದ ಆಕರ್ಷಣೆಯ ಹಣ ಎಷ್ಟು ದಿನದಲ್ಲಿ ವಾಪಸ್ ಅಂತಲೂ ಅದರಲ್ಲೇ ಇದೆ. ಅದು ಮುಗಿದು ಎರಡು ತಿಂಗಳ ಮೇಲಾಯಿತು. ಮೊದಲು ಫೋನ್ ಮಾಡಿದಾಗ ನನಗೆ 14,000 ಪೂರ್ತಿ ಬೇಕು ಅಂತಲೂ ಇರಲಿಲ್ಲ. ‘ತಪ್ಪಾಯಿತು’ ಅಂತ ಅಮ್ಮನಿಗೆ ಒಂದು ಫೋನ್ ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಈಗ ಮುಗಿಯುವುದಿಲ್ಲ. ಗ್ರಾಹಕ ಸಹಾಯವಾಣಿ ನಂಬರ್ 1915. ಚಾಮ್ ಮ್ಯೂಸಿಯಂ ಕಟ್ಟಲು ಶುರು ಮಾಡಿದ್ದೂ 1915ರಲ್ಲೇ ಅಂತ ಅಪ್ಪ ನಗುತ್ತಿದ್ದಾರೆ, ಆ ಇಸವಿ ಮರೆಯುವವರಲ್ಲ ಅವರು. ಅಲ್ಲಿ ದೂರು ಆಗಲೇ ದಾಖಲಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಬೆಂಗಳೂರಿಗೆ ಬರಬೇಕಿಲ್ಲ, ನಾನಿರುವ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೇಸ್ ಹಾಕಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ. ನೀವು ಬರಬೇಕಾಗುತ್ತೆ. ತುಮಕೂರಿಗೆ. ಪಿಡಿಎಫ್, ನಿಮ್ಮ ಮೆಸೇಜ್, ನನ್ನ ಹೆಬ್ಬೆರಳು, 9 ಗಂಟೆ 31ರ ಲಿಂಕ್, ಈಗ ಈ ಜಾಹೀರಾತು, ಎಲ್ಲದರ ಪ್ರಿಂಟ್ ತೆಗೆದು ಅಪ್ಪ ಫೈಲ್ ಮಾಡಿದ್ದಾರೆ. ಮೇಲೆ ಕೆಂಪು ಪೆನ್ನಿನಲ್ಲಿ ಪುಟ ಸಂಖ್ಯೆ ಹಾಕಿದ್ದಾರೆ. ಮೂವತ್ತೊಂದು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಅದು, ಅರ್ಧ ಮಾರ್ಕೂ ಸುಮ್ನೆ ಕೊಡುವುದಿಲ್ಲ.

ಇನ್ನೊಂದು. ಅಮ್ಮನ ಭಜನಾ ಮಂಡಳಿಯಲ್ಲಿ 40 ಜನ ಇದ್ದಾರೆ. ಕಾರ್ತಿಕದಲ್ಲಿ ಕಾಶಿಗೆ ಹೋಗುವ ಮಾತುಕತೆ ನಡೆದಿದೆ, ನಿಮ್ಮ ಹೆಸರೂ ಬಂದಿತ್ತು. ಅಮ್ಮ ಇದುವರೆಗೆ ಬಾಯಿ ಬಿಟ್ಟಿಲ್ಲ, ‘ಅವರ ಹೊಟ್ಟೆಪಾಡು’ ಅಂತ. ನಿನ್ನೆ ಆ ಫೋಟೋ ನೋಡಿದ ಮೇಲೆ ‘ಗುರುವಾರ ಮಂಡಳಿಗೆ ಹೋಗುವಾಗ ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಡು’ ಅಂದಿದ್ದಾರೆ.

ಪ್ರಿಂಟ್ ಹಾಕಿಸಲು ಕೊಟ್ಟಿದ್ದೇನೆ. ಕಲರ್.

ಅಮ್ಮನ ಫೋಟೋ ನಿಮ್ಮ ಜಾಹೀರಾತಿನಿಂದ ಶನಿವಾರ ರಾತ್ರಿ 9ರೊಳಗೆ ತೆಗೆದಿರಬೇಕು. ನಮ್ಮ 9 ಗಂಟೆ. ವಿಯೆಟ್ನಾಂದು ಒಂದೂವರೆ ಗಂಟೆ ಮುಂಚೆಯೇ ಆಗಿಹೋಗುತ್ತೆ, ಅದನ್ನು ನಂಬಿ ಕೂರಬೇಡಿ. ಸ್ವೀಕರಿಸಿದ್ದಕ್ಕೆ ಹೆಬ್ಬೆರಳು ಒತ್ತಿ ಕಳಿಸಿ. ಒಪ್ಪಿದ ಹಾಗೆ ಅಂದುಕೊಳ್ಳುತ್ತೇನೆ.

ಇಂತಿ,
ಆ 22 ಜನರಲ್ಲಿ ‘ಪ್ರಾಬ್ಲಂ ಇದ್ದ’ ಒಬ್ಬಳು
ತುಮಕೂರು