ಮಗಳಿಗೊಂದು ಪತ್ರ: ಕ್ರೋಶಾದ ಮೊದಲ ಹೆಣಿಗೆ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು.

ಕ್ರೋಶಾ ಕಲಿಯಬೇಕೆಂದು ತುದಿಯಲ್ಲಿ ಕೊಕ್ಕೆಯಿರುವ ಕಡ್ಡಿಯನ್ನೂ ಉಲ್ಲನ್ನನ್ನೂ ತಂದಿಟ್ಟುಕೊಳ್ಳುವವಳಿದ್ದೇನೆ, ಎಲ್ಲಿಂದ ಆರಂಭಿಸಲಿ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಬರೆದು ಕಳಿಸಿದರೆ ದಾರ ಹಿಡಿದು ಕೂತಾಗ ಪಕ್ಕದಲ್ಲಿಟ್ಟುಕೊಂಡು ಓದಬಹುದು. ಟೋಪಿ, ಶಾಲು, ಗೊಂಬೆ ಎಂದು ಈಗಲೇ ಆಸೆಪಡಬೇಡ. ಸಿಂಗಲ್ ಕ್ರೋಶಾ ಎಂಬ ಒಂದೇ ಹೆಣಿಗೆಯಲ್ಲಿ ಮೊದಲು ಒಂದು ಚೌಕ ಮಾಡು. ಹೆಣಿಗೆ ಬೇಗನೆ ಕೈಗೆ ಬರುತ್ತದೆ, ಆದರೆ ಚೌಕದ ಎರಡು ಅಂಚುಗಳು ನೇರವಾಗಿ ನಿಲ್ಲುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಕಲಿಯುವವರು ಗಮನವಿಡಬೇಕಾದ ಜಾಗವೂ ಆ ಅಂಚುಗಳೇ ಎಂಬುದು ನನ್ನ ಅಭಿಪ್ರಾಯ.

ದಾರ ಆರಿಸುವಾಗ ಸೊಗಸಿಗೆ ಮರುಳಾಗದೆ, ತಿಳಿಬಣ್ಣದ, ನುಣುಪಾದ, ಮಧ್ಯಮ ದಪ್ಪದ ಉಲ್ಲನ್ನನ್ನು ತೆಗೆದುಕೋ. ಕಪ್ಪು ಅಥವಾ ಕಡುನೀಲಿ ದಾರದಲ್ಲಿ ಯಾವ ಎಳೆ ಎಲ್ಲಿ ಹಾದಿದೆ ಎಂಬುದು ಕಾಣುವುದಿಲ್ಲ; ಜುಂಗು ಎದ್ದ ದಾರದಲ್ಲಂತೂ ಹೆಣೆಯುವುದಿರಲಿ, ಹೆಣೆದದ್ದನ್ನು ಬಿಚ್ಚುವುದೂ ಕಷ್ಟ. ಮಧ್ಯಮ ದಪ್ಪದ ದಾರಕ್ಕೆ 5 ಅಥವಾ 5.5 ಮಿ.ಮೀ. ಕಡ್ಡಿ ಸರಿಹೋಗುತ್ತದೆ, ಉಂಡೆಯ ಮೇಲಿನ ಚೀಟಿಯಲ್ಲಿಯೂ ಸಾಮಾನ್ಯವಾಗಿ ಅಳತೆ ಸೂಚಿಸಿರುತ್ತಾರೆ. ಲೇಸು ಹೆಣೆಯುವ ತೆಳ್ಳನೆಯ ಉಕ್ಕಿನ ಕಡ್ಡಿಗಳ ತಂಟೆಗೆ ಸದ್ಯಕ್ಕೆ ಹೋಗಬೇಡ.

ಕಡ್ಡಿಯನ್ನು ಪೆನ್ಸಿಲಿನಂತೆ ಹಿಡಿದರೂ ಸರಿ, ಚಾಕುವಿನಂತೆ ಹಿಡಿದರೂ ಸರಿ. ಇದರ ಬಗ್ಗೆ ಹಟದಿಂದ ವಾದಿಸುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ. ದಾರದ ಬಿಗಿಯನ್ನು ಕಾಯುವುದು ಇನ್ನೊಂದು ಕೈ. ಅದರ ಕಿರುಬೆರಳಿಗೆ ದಾರವನ್ನು ಒಂದು ಸುತ್ತು ಹಾಕಿ, ನಡುವಿನ ಎರಡು ಬೆರಳುಗಳ ಕೆಳಗಿನಿಂದ ತಂದು, ತೋರುಬೆರಳಿನ ಮೇಲೆ ಹಾಯಿಸು. ದಾರವು ಬೆರಳುಗಳ ನಡುವೆ ತಡೆಯಿಲ್ಲದೆ ಸರಿಯಬೇಕು, ಆದರೆ ತಾನಾಗಿ ಜಾರಿಹೋಗಬಾರದು.

ಜಾರುಗಂಟು ಹಾಕಿ ಅದನ್ನು ಕಡ್ಡಿಗೆ ಏರಿಸಿದ ಮೇಲೆ ಸರಪಳಿ ಆರಂಭವಾಗುತ್ತದೆ. ದಾರವನ್ನು ಕಡ್ಡಿಯ ಮೇಲೆ ಹಾಯಿಸಿ, ಕೊಕ್ಕೆಗೆ ಸಿಕ್ಕಿಸಿ, ಇರುವ ಕುಣಿಕೆಯೊಳಗಿನಿಂದ ಎಳೆದರೆ ಒಂದು ಸರಪಳಿ ಆಯಿತು. ಹೀಗೆ 21 ಸರಪಳಿ ಹಾಕು. ಎಣಿಸುವಾಗ ಜಾರುಗಂಟನ್ನೂ ಕಡ್ಡಿಯ ಮೇಲಿರುವ ಕುಣಿಕೆಯನ್ನೂ ಲೆಕ್ಕಕ್ಕೆ ಹಿಡಿಯಬಾರದು. ಹೊಸಬರ ಸರಪಳಿ ಬಹುಮಟ್ಟಿಗೆ ಬಿಗಿಯಾಗಿರುತ್ತದೆ, ಇದರಿಂದ ಚೌಕದ ಕೆಳಭಾಗ ಮುದುರಿಕೊಳ್ಳುತ್ತದೆ. ನಿನಗೂ ಹಾಗೆ ಆದರೆ ಸರಪಳಿಗೆ ಮಾತ್ರ ಒಂದು ಅಳತೆ ದೊಡ್ಡ ಕಡ್ಡಿಯನ್ನು ಬಳಸಿ, ಅನಂತರ ನಿನ್ನ ಕಡ್ಡಿಗೆ ಮರಳು.

ಇನ್ನು ಹೆಣಿಗೆಯ ವಿಷಯ. ಕಡ್ಡಿಯ ಪಕ್ಕದ ಮೊದಲ ಸರಪಳಿಯನ್ನು ಬಿಟ್ಟು, ಎರಡನೆಯದರೊಳಗೆ ಕಡ್ಡಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸು. ದಾರವನ್ನು ಕಡ್ಡಿಯ ಮೇಲೆ ಹಿಂದಿನಿಂದ ಮುಂದಕ್ಕೆ ಹಾಯಿಸಿ, ಕೊಕ್ಕೆಗೆ ಸಿಕ್ಕಿಸಿ, ತೂರಿಸಿದ ಜಾಗದಿಂದ ಮಾತ್ರ ಹೊರಕ್ಕೆ ಎಳೆ. ಈಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಿರುತ್ತವೆ. ಮತ್ತೊಮ್ಮೆ ದಾರ ಹಾಯಿಸಿ ಎರಡರೊಳಗಿನಿಂದಲೂ ಒಟ್ಟಿಗೆ ಎಳೆದರೆ ಒಂದೇ ಕುಣಿಕೆ ಉಳಿಯುತ್ತದೆ, ಒಂದು ಸಿಂಗಲ್ ಕ್ರೋಶಾ ಮುಗಿದಿರುತ್ತದೆ. ದಾರವನ್ನು ಮೇಲೆ ಹಾಯಿಸುವ ಬದಲು ಕಡ್ಡಿಯನ್ನೇ ಅದರ ಮೇಲೆ ಒಯ್ದು ಎಳೆದುಕೊಂಡರೂ ಹೆಣಿಗೆ ಬೀಳುತ್ತದೆ. ಆದರೆ ಆಗ ಹೆಣಿಗೆಯ ಮುಂಬದಿಯಲ್ಲಿ 'ವಿ' ಆಕಾರದ ಬದಲು ಅಡ್ಡಗೆರೆಗಳು ಒಂದನ್ನೊಂದು ದಾಟಿದಂತೆ ಕಾಣುತ್ತದೆ. ಗೊಂಬೆ ಹೆಣೆಯುವವರಲ್ಲಿ ಕೆಲವರು ಬಿಗುವಿಗಾಗಿ ಬೇಕೆಂದೇ ಹಾಗೆ ಮಾಡುವುದುಂಟು. ನೀನು ಯಾವುದಾದರೂ ಒಂದು ಕ್ರಮವನ್ನೇ ಕೊನೆಯವರೆಗೆ ಇಟ್ಟುಕೋ.

ಕಡ್ಡಿಯನ್ನು ಒಮ್ಮೆ ಹತ್ತಿರದಿಂದ ನೋಡು. ಕೊಕ್ಕೆಯ ಕೆಳಗೆ ಸಣ್ಣಗಾದ ಕತ್ತಿನ ಭಾಗವಿದೆ, ಅದರ ಆಚೆಗೆ ಒಂದೇ ದಪ್ಪದ ನೇರ ಭಾಗವಿದೆ. ಕಡ್ಡಿಯ ಮೇಲೆ ಬರೆದಿರುವ ಅಳತೆ ಈ ನೇರ ಭಾಗದ್ದು. ಹೊಸಬರು ಕುಣಿಕೆಯನ್ನು ಕತ್ತಿನಲ್ಲಿಯೇ ಬಿಗಿದುಬಿಡುವುದರಿಂದ ಅದು ಕಿರಿದಾಗಿ, ಮುಂದಿನ ಸಾಲಿನಲ್ಲಿ ಕಡ್ಡಿ ಒಳಗೆ ಹೋಗಲು ಒಪ್ಪುವುದೇ ಇಲ್ಲ. ಪ್ರತಿ ಕುಣಿಕೆಯನ್ನೂ ನೇರ ಭಾಗದವರೆಗೆ ತಂದುಕೊಂಡರೆ ಈ ಕಷ್ಟ ತಪ್ಪುತ್ತದೆ. ಕೈ ಬಿಗಿ ಎಂದು ಹಳಿದುಕೊಳ್ಳುವ ಮುನ್ನ ಇದನ್ನು ನೋಡಿಕೋ.

ಸಾಲಿನ ಕೊನೆಗೆ ಬಂದಾಗ 20 ಹೆಣಿಗೆಗಳಿರಬೇಕು. ಅಲ್ಲಿ ಒಂದು ಸರಪಳಿ ಹಾಕಿ ಹೆಣೆದದ್ದನ್ನು ಹಿಂದುಮುಂದಾಗಿ ತಿರುಗಿಸು. ಸಿಂಗಲ್ ಕ್ರೋಶಾದಲ್ಲಿ ಈ ಒಂದು ಸರಪಳಿ ಎತ್ತರಕ್ಕಾಗಿ ಮಾತ್ರ ಇರುವುದು, ಸಾಮಾನ್ಯವಾಗಿ ಅದನ್ನು ಹೆಣಿಗೆಯೆಂದು ಎಣಿಸುವುದಿಲ್ಲ. ಆದ್ದರಿಂದ ಹೊಸ ಸಾಲಿನ ಮೊದಲ ಹೆಣಿಗೆಯು ಅದರ ಬುಡದಲ್ಲಿರುವ, ಹಿಂದಿನ ಸಾಲಿನ ಕಟ್ಟಕಡೆಯ ಹೆಣಿಗೆಯೊಳಗೇ ಬೀಳಬೇಕು. ಇಲ್ಲಿಂದ ಮುಂದೆ ಕಡ್ಡಿಯನ್ನು ಹೆಣಿಗೆಯ ನೆತ್ತಿಯಲ್ಲಿ ಕಾಣುವ 'ವಿ'ಯ ಎರಡೂ ಎಳೆಗಳ ಕೆಳಗೆ ತೂರಿಸಬೇಕು. ಹಿಂದಿನ ಎಳೆಯೊಂದನ್ನೇ ಹಿಡಿಯುತ್ತ ಹೋದರೆ ಬಟ್ಟೆಯಲ್ಲಿ ಏಣುಗಳು ಏಳುತ್ತವೆ. ಅದು ಬೇರೆಯೇ ವಿನ್ಯಾಸ.

ಅಂಚು ಕೆಡುವುದು ಈ ತಿರುವಿನಲ್ಲಿಯೇ. ಸಾಲಿನ ಕೊನೆಯ ಹೆಣಿಗೆ ಪಕ್ಕಕ್ಕೆ ವಾಲಿಕೊಂಡು ಅಡಗಿರುವುದರಿಂದ ಕಣ್ಣು ತಪ್ಪಿಸುತ್ತದೆ, 20 ಇದ್ದದ್ದು 19 ಆಗುತ್ತದೆ. ಕೆಲವು ಸಾಲುಗಳಲ್ಲಿ ಚೌಕವು ಮೇಲೆ ಕಿರಿದಾಗುತ್ತ ಹೋಗುತ್ತದೆ. ತಿರುವಿನ ಸರಪಳಿಯೊಳಗೂ ಕಡ್ಡಿ ಹಾಕಿದರೆ ಇದಕ್ಕೆ ವಿರುದ್ಧವಾಗಿ ಒಂದೊಂದೇ ಹೆಚ್ಚಾಗಿ ಅಗಲವಾಗುತ್ತದೆ. ಪ್ರತಿ ಸಾಲಿನ ಮೊದಲ ಹೆಣಿಗೆಗೆ ಬೇರೆ ಬಣ್ಣದ ದಾರದ ತುಂಡನ್ನೋ ಒಂದು ಪಿನ್ನನ್ನೋ ಸಿಕ್ಕಿಸಿಡು. ಮರಳಿ ಬರುವಾಗ ಕೊನೆಯ ಹೆಣಿಗೆ ಅಲ್ಲಿಯೇ ಬೀಳಬೇಕು. ಅಳತೆಯ ಅಂದಾಜನ್ನು ನಂಬದೆ ಪ್ರತಿ ಸಾಲನ್ನೂ ಎಣಿಸು.

ಎಣಿಕೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ, ಗಣಿತದಲ್ಲಿ ನಿನಗಿರುವ ಆಸಕ್ತಿಗೆ ಇದು ಹಿಡಿಸೀತು. ಬೇಕೆಂದೇ ಒಂದು ಗೊತ್ತಾದ ಪ್ರಮಾಣದಲ್ಲಿ ಹೆಣಿಗೆಗಳನ್ನು ಹೆಚ್ಚಿಸುತ್ತ ಹೋದರೆ, ಉದಾಹರಣೆಗೆ ಪ್ರತಿ ಐದು ಹೆಣಿಗೆಗೆ ಆರರಂತೆ, ಬಟ್ಟೆ ಸಮತಟ್ಟಾಗಿ ಕೂರದೆ ನಿರಿಗೆ ನಿರಿಗೆಯಾಗಿ ಏಳುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ ಅವರು 1997ರಲ್ಲಿ ಇದೇ ಉಪಾಯದಿಂದ ಹೈಪರ್‌ಬೋಲಿಕ್ ತಲದ (ಎಲ್ಲ ಕಡೆಯೂ ಕುದುರೆಯ ಜೀನಿನಂತೆ ಬಾಗಿರುವ ಮೇಲ್ಮೈಯ) ಮಾದರಿಯನ್ನು ಹೆಣೆದರು. ಕಾಗದದ ಮಾದರಿಗಳು ಹರಿಯುತ್ತಿದ್ದವು. ಕ್ರೋಶಾದ್ದನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು, ಮಡಚಿ, ಹೊರಳಿಸಿ ನೋಡಬಹುದಾಗಿತ್ತು. ಆದರೆ ನಿನ್ನ ಚೌಕ ನಿರಿಗೆಗಟ್ಟಿದರೆ ಅದನ್ನು ಗಣಿತವೆಂದು ಕರೆದು ಪಾರಾಗುವ ಹಾಗಿಲ್ಲ.

ಲೆಕ್ಕ ತಪ್ಪಿದ್ದು ಕಂಡ ಕೂಡಲೇ ಬಿಚ್ಚಿಬಿಡು. ಎರಡು ಸೂಜಿಗಳಿಂದ ಹೆಣೆಯುವ ನಿಟಿಂಗ್‌ನಲ್ಲಿ ಸಾಲಿನ ಕುಣಿಕೆಗಳೆಲ್ಲ ಸೂಜಿಯ ಮೇಲೆ ಬಿಚ್ಚುಬಾಯಿಯಾಗಿಯೇ ಕಾದಿರುತ್ತವೆ, ಸೂಜಿ ಕಳಚಿದರೆ ಅವನ್ನೆಲ್ಲ ಮತ್ತೆ ಹೆಕ್ಕಿಕೊಳ್ಳಬೇಕು. ಸಿಂಗಲ್ ಕ್ರೋಶಾದಲ್ಲಿ ಪ್ರತಿ ಹೆಣಿಗೆಯೂ ಆಗಿಂದಾಗ ಮುಚ್ಚಿಕೊಳ್ಳುತ್ತದೆ, ತೆರೆದಿರುವುದು ಕಡ್ಡಿಯ ಮೇಲಿನ ಒಂದೇ ಕುಣಿಕೆ. ಕಡ್ಡಿ ತೆಗೆದು ದಾರ ಎಳೆದರೆ ಬೇಕಾದ ಕಡೆಯವರೆಗೆ ಒಂದೊಂದಾಗಿ ಬಿಚ್ಚುತ್ತದೆ, ಅಲ್ಲಿ ಆ ಒಂದು ಕುಣಿಕೆಗೆ ಕಡ್ಡಿ ಹಾಕಿ ಮುಂದುವರಿಯಬಹುದು. ಎರಡು ಸಾಲು ಬಿಚ್ಚುವ ಬೇಸರಕ್ಕೆ ಅಂಜಿ ಮುಂದಿನ ಸಾಲಿನಲ್ಲಿ ಹೇಗೋ ಸರಿದೂಗಿಸುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಕಲಿಯುವ ಕಾಲದಲ್ಲಂತೂ ಬೇಡವೇ ಬೇಡ.

ಪುಸ್ತಕ ನೋಡಿ ಹೆಣೆಯುವಾಗ ಒಂದು ಎಚ್ಚರಿಕೆ ಬೇಕು. ಅಮೆರಿಕದವರು ಸಿಂಗಲ್ ಎನ್ನುವ ಇದೇ ಹೆಣಿಗೆಯನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ, ಅಮೆರಿಕದ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಸೂಚನೆಯಲ್ಲಿ ಸಿಂಗಲ್ ಕ್ರೋಶಾ ಎಂದಿದ್ದರೆ ಅದು ಅಮೆರಿಕದ ಕ್ರಮವೆಂದು ತಿಳಿ.

ಅಗಲದಷ್ಟೇ ಎತ್ತರ ಬಂದ ಮೇಲೆ ಸುಮಾರು 15 ಸೆಂ.ಮೀ. ಬಾಲ ಬಿಟ್ಟು ದಾರ ಕತ್ತರಿಸಿ, ಅದನ್ನು ಕೊನೆಯ ಕುಣಿಕೆಯೊಳಗಿನಿಂದ ಪೂರ್ತಿ ಎಳೆದು ಬಿಗಿ ಮಾಡು. ಬಾಲವನ್ನು ಮೊಂಡು ಸೂಜಿಗೆ ಪೋಣಿಸಿ, ಹೆಣಿಗೆಗಳ ಒಳಗೆ ಒಂದು ದಿಕ್ಕಿಗೆ ಹಾಯಿಸಿ, ಮತ್ತೆ ಹಿಂದಕ್ಕೆ ತಂದರೆ ಬಿಚ್ಚಿಕೊಳ್ಳುವುದಿಲ್ಲ. ಆಮೇಲೆ ಚೌಕದ ಒಂದು ಫೋಟೊ ಕಳಿಸು. ಎರಡೂ ಅಂಚುಗಳು ಕಾಣುವಂತೆ ತೆಗೆ, ಒಳ್ಳೆಯ ಬದಿಯನ್ನು ಮಾತ್ರ ತೋರಿಸಬೇಡ.

ಇಂತು,
ನಿನ್ನ ಅಮ್ಮ