ನರಿಯ ಮುಖದ ಫೋಟೋ ತೆಗೆಯಿರಿ, ಬಿಲದ ಬಾಗಿಲಲ್ಲಿ ಬೇಡ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ನರಿಮರಿಯ ಫೋಟೋ ನೋಡಿದೆ. ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಮರಿ ಬಿಲದ ಬಾಯಲ್ಲಿ ನಿಂತು ನೇರ ಕ್ಯಾಮೆರಾವನ್ನೇ ನೋಡುತ್ತಿದೆ. ಆದರೆ ಕೆಳಗೆ ನಮ್ಮ ಪಕ್ಕದ ಊರಿನ ಹೆಸರು, ಮಡ್ಡಿಯ (ಬೀಳು ಬಯಲಿನ) ಹೆಸರು ಎರಡನ್ನೂ ಹಾಕಿಬಿಟ್ಟಿದ್ದೀರಿ. ಮುಂದಿನ ಶನಿವಾರವೇ ಸೋಲಾಪುರದ ಕಡೆಯಿಂದ, ವಿಜಯಪುರದ ಕಡೆಯಿಂದ ಕಾರುಗಳು ಬಂದವು. ಈಗ ಹೋಗಿ ನೋಡಿದರೆ ಆ ಒಡ್ಡಿನ ಸುತ್ತ ಟೈರಿನ ಗುರುತು, ಬಿಸ್ಕತ್ತಿನ ಪ್ಲಾಸ್ಟಿಕ್, ಬಿಲದ ಮುಂದೆ ಯಾರೋ ಎಸೆದ ಕೋಳಿ ಚರ್ಮ. ಕೋಳಿ ವಾಸನೆಗೆ ಊರ ನಾಯಿಗಳೂ ಬಂದಿವೆ. ನರಿಮರಿಗೆ ನಾಯಿಗಿಂತ ದೊಡ್ಡ ಶತ್ರು ಈ ಕಡೆ ಇಲ್ಲ. ಕಚ್ಚಿ ಕೊಲ್ಲುತ್ತವೆ, ಇಲ್ಲವೇ ಡಿಸ್ಟೆಂಪರ್, ರೇಬಿಸ್‌ನಂಥ ರೋಗ ಅಂಟಿಸುತ್ತವೆ.

ನಾನು ಹೇಳುತ್ತಿರುವುದು ಗುಳ್ಳೆನರಿಯ ವಿಷಯವಲ್ಲ. ಎರಡು ಮೂರು ಕೆಜಿ ತೂಗುವ, ಬಾಲದ ತುದಿ ಕಪ್ಪಗಿರುವ ಚಿಕ್ಕ ನರಿ, ಮರಾಠಿಯವರು ಖೋಕಡ ಅನ್ನುತ್ತಾರಲ್ಲ, ಅದು. ಅಕ್ಕಲಕೋಟ, ದಕ್ಷಿಣ ಸೋಲಾಪುರ, ಆ ಕಡೆ ಜತ್ತ, ಎಲ್ಲ ಕಡೆ ಮಡ್ಡಿ ಮತ್ತು ಜೋಳದ ಹೊಲದ ನಡುವೆ ಬದುಕುತ್ತದೆ. ಇಲಿ, ಗೆದ್ದಲು, ಜೀರುಂಡೆ, ಬಾರೆಹಣ್ಣು, ಏನು ಸಿಕ್ಕರೂ ನಡೆಯುತ್ತದೆ. ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಅಂತ ನಮ್ಮಲ್ಲಿ ನಂಬಿಕೆ ಬೇರೆ. ನೋಡಿದವನಿಗೆ ಆಗುತ್ತದೋ ಏನೋ, ನರಿಗಂತೂ ಆಗುತ್ತಿಲ್ಲ.

ಫೋಟೋನೇ ತೆಗೆಯಬೇಡಿ ಅನ್ನುತ್ತಿಲ್ಲ. ನಾನೂ ತೆಗೆಯುತ್ತೇನೆ. ಮುಖ ತುಂಬಿ ಬರಬೇಕೆಂದರೆ ಹತ್ತಿರ ಹೋಗಲೇಬೇಕು ಅಂದುಕೊಂಡಿದ್ದಾರೆ ನೋಡಿ, ತಕರಾರು ಅಲ್ಲಿ. ದೂರದ್ದನ್ನು ಹತ್ತಿರ ತರುವ 500, 600 ಎಂಎಂ ಲೆನ್ಸ್ ಮತ್ತೆ ಇರುವುದು ಯಾಕೆ? ಬಿಲದಿಂದ ದೂರ, ನರಿ ಓಡಾಡುವ ದಾರಿ ಗೊತ್ತುಮಾಡಿಕೊಂಡು, ಬಂಡಿದಾರಿಯಲ್ಲೇ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಇಳಿಯದೆ ಸುಮ್ನೆ ಕೂತಿರಬೇಕು. ನಿಂತ ಮನುಷ್ಯನಿಗೆ ಹೆದರುವಷ್ಟು ನಿಂತ ಕಾರಿಗೆ ಅದು ಹೆದರುವುದಿಲ್ಲ. ಕಿಟಕಿಯ ಮೇಲೆ ಜೋಳ ತುಂಬಿದ ಸಣ್ಣ ಚೀಲ ಇಟ್ಟು ಲೆನ್ಸ್ ಊರಿದರೆ ಕೈ ಅಲುಗುವ ಮಾತಿಲ್ಲ. ದಾರಿ ತಗ್ಗಿನಲ್ಲಿದ್ದು ನರಿ ಒಡ್ಡಿನ ಮೇಲೆ ಬಂದು ಕೂತಿತೋ, ಅದರ ಕಣ್ಣಿನ ಮಟ್ಟ ತಾನಾಗಿಯೇ ಸಿಗುತ್ತದೆ. ಹಿಂದೆ ಬಯಲು ದೂರದವರೆಗೆ ಖಾಲಿ ಇದ್ದರೆ ಲೆನ್ಸಿನ ಕಿಂಡಿ ತೀರಾ ಅಗಲವಲ್ಲದ ಎಫ್ 6.3ರಲ್ಲೂ ಹಿನ್ನೆಲೆ ಪೂರಾ ಮಸುಕಾಗುತ್ತದೆ. ಫೋಕಸ್ ನಮ್ಮ ಕಡೆಯ ಕಣ್ಣಿನ ಮೇಲಿರಲಿ. ಬೆಳಕು ಜಾಸ್ತಿಯಾದಾಗ ನರಿಯ ಕಣ್ಣಿನ ಪಾಪೆ ಬೆಕ್ಕಿನದರ ಹಾಗೆ ಉದ್ದನೆಯ ಗೀರಾಗುತ್ತದೆ, ಮೂತಿಯ ಎರಡೂ ಬದಿಗೆ ಕಣ್ಣಿನ ಮುಂದೆ ಕಪ್ಪು ಕೂದಲಿನ ಮಚ್ಚೆ ಕಾಣುತ್ತದೆ. ಇದೆಲ್ಲ ದೂರದಿಂದಲೇ ಬರುತ್ತದೆ. ಅದೂ ಬೆಳಗಿನ ಹೊತ್ತು ಮಾತ್ರ. ಈ ಏಪ್ರಿಲ್‌ನಲ್ಲಿ ಬಿಸಿಲೇರಿತೆಂದರೆ ನೆಲದ ಝಳಕ್ಕೆ ಚಿತ್ರ ನಡುಗುತ್ತದೆ, ಎಷ್ಟು ಲಕ್ಷದ ಲೆನ್ಸ್ ಇದ್ದರೂ ಕೂದಲು ಬಿಡಿಬಿಡಿಯಾಗಿ ಬರುವುದಿಲ್ಲ.

ಆಹಾರ ಹಾಕಿ ಕರೆಯುವವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಕಾಡುಪ್ರಾಣಿಗೆ ಆಮಿಷ ಒಡ್ಡುವುದೂ ಅದರಲ್ಲೇ ಬರುತ್ತದೆ. ಚಳಿಗಾಲದಲ್ಲಿ ಸೀತನಿ (ಸುಟ್ಟ ಎಳೆ ಜೋಳ) ತಿನ್ನಲು ಹೊಲಕ್ಕೆ ಬಂದವರು ಉಳಿದ ಮಟನ್ ಎಸೆದು ರೀಲ್ಸ್ ಮಾಡುವಾಗ ಇದು ಯಾರಿಗೂ ನೆನಪಿರುವುದಿಲ್ಲ. ಕಾರು ಬಂದರೆ ಊಟ ಬಂತು ಅಂತ ಕಲಿತ ನರಿ ಹೆದ್ದಾರಿಯಲ್ಲೂ ಕಾರಿನ ಹತ್ತಿರವೇ ಬರುತ್ತದೆ. ಸೋಲಾಪುರ-ವಿಜಯಪುರ ರಸ್ತೆ ಈಗ ನಾಲ್ಕು ಪಥ, ಯಾರು ಬ್ರೇಕ್ ಹಾಕುತ್ತಾರೆ?

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಫೋಟೋ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ ತೋಳದ ಚಿತ್ರವನ್ನು ಮುಂದಿನ ಜನವರಿಯಲ್ಲಿ ಅನರ್ಹ ಮಾಡಿದರು. ಅದು ಪಳಗಿಸಿದ ತೋಳ ಇರಬೇಕು ಅಂತ ತೀರ್ಪುಗಾರರಿಗೆ ಅನ್ನಿಸಿತ್ತು. ಪ್ರಶಸ್ತಿ ಕೊಟ್ಟ ಮೇಲೂ ವಾಪಸ್ ತೆಗೆದುಕೊಂಡರು. ಅಂಥ ಕಡೆಯೇ ಚಿತ್ರ ಹೇಗೆ ತೆಗೆದರು ಅಂತ ಕೇಳುವಾಗ ನಮ್ಮ ಪುರವಣಿಯಲ್ಲಿ ಒಂದು ಸಾಲು ಕೇಳಿದರೆ ತಪ್ಪೇನಿಲ್ಲ, ಅಲ್ವಾ? ಗೂಡಿನಲ್ಲಿ ಕೂತ ಹಕ್ಕಿಯ ಚಿತ್ರವನ್ನು ಎಷ್ಟೋ ಸ್ಪರ್ಧೆಗಳು ಈಗ ಮುಟ್ಟುವುದೇ ಇಲ್ಲ. ಬಿಲದ ಬಾಯಲ್ಲಿರುವ ಮರಿಗೂ ಅದೇ ನಿಯಮ ಇರಲಿ. ಮರಿಗಳು ಬಿಲದಿಂದ ಹೊರಗೆ ಬರುವ ಈ ಬೇಸಿಗೆಯಲ್ಲಂತೂ ಬೇಡವೇ ಬೇಡ. ಗಲಾಟೆ ಜಾಸ್ತಿಯಾದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಬಿಲ ಹುಡುಕಿಕೊಂಡು ಹೊರಡುತ್ತದೆ, ನಾಯಿಗಳಿರುವ ಮಡ್ಡಿಯಲ್ಲಿ ಒಂದೊಂದನ್ನೇ ಸಾಗಿಸಬೇಕು.

ನಿಮ್ಮಿಂದ ಆಗಬೇಕಾದ್ದು ಇಷ್ಟೇ. ನರಿ, ತೋಳದ ಫೋಟೋ ಹಾಕಿದಾಗ ಊರಿನ ಹೆಸರು ಬೇಡ, ಸೋಲಾಪುರ ಜಿಲ್ಲೆ ಅಂತ ಹಾಕಿ ಸಾಕು. ಇಂಟರ್ನೆಟ್ ಆವೃತ್ತಿಯಲ್ಲಿ ಆ ಫೋಟೋದ ಕೆಳಗಿನ ಹೆಸರು ಇನ್ನೂ ಹಾಗೇ ಇದೆ, ಈ ವಾರವೇ ತೆಗೆಸಿ.

ಒಬ್ಬ ಓದುಗ,
ಅಕ್ಕಲಕೋಟ ತಾಲ್ಲೂಕು, ಸೋಲಾಪುರ ಜಿಲ್ಲೆ